ಗೌಜಲಹಕ್ಕಿಗಳ ಗಿಡ್ಡ ಮನೆ

ಮನೆಯ ಮುಂದಿನ ಕೋಣೆ, ಕಿಟಕಿಯ ಪಕ್ಕ
ಹದಿಮೂರನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿಗೆ ಹಾಕಿಕೊಳ್ಳುವ ಆ ಪಟ್ಟಿಯನ್ನು ದಿನಾ ಹಾಕಿಕೊಳ್ಳುತ್ತಿದ್ದೀಯೋ, ಅಥವಾ ಅದನ್ನೂ ಯಾರಾದರೂ ರೋಗಿಗೆ ಕೊಟ್ಟು ಸುಮ್ಮನಾದೆಯೋ? ಹೆರಿಗೆ ವಾರ್ಡಿನಲ್ಲಿ ಈ ತಿಂಗಳೂ ರಾತ್ರಿ ಪಾಳಿಯೇ ಇರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಹುಟ್ಟಿದ ಮಕ್ಕಳೆಲ್ಲ ಮೊದಲ ಗುಟುಕು ಹಾಲು ಕುಡಿದವೋ ಇಲ್ಲವೋ ಎಂದು ನೋಡುವವಳು ತನ್ನ ಲೋಟದ ಚಹಾ ಆರಿ ತಣ್ಣಗಾದದ್ದನ್ನು ಮಾತ್ರ ನೋಡುವುದಿಲ್ಲ ಎಂದು ನನ್ನಾಕೆ ಆಗಾಗ ಹೇಳುತ್ತಿರುತ್ತಾಳೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಸೊಂಟ ಮೋಡ ಮುಸುಕಿದ ದಿನ ಸ್ವಲ್ಪ ತಕರಾರು ಮಾಡುತ್ತದೆ, ಅಷ್ಟೆ. ಒಳಗಿರುವ ಕಬ್ಬಿಣದ ಸರಳಿಗೂ ನನಗೂ ಈಗ ರಾಜಿಯಾಗಿದೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ನೀನು ಹುಬ್ಬು ಮೇಲೆ ಮಾಡಿರುತ್ತೀಯ, ನನಗೆ ಗೊತ್ತು. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಟ್ಟರೆ ತಾನೇ? "ಮಾತ್ರೆ ತಗೊಂಡ್ಯಾ, ನಡೆದ್ಯಾ, ಸರಿ ಇಡ್ತೀನಿ, ಬೆಲ್ ಹೊಡೀತಿದೆ" ಎಂದು ಮುಗಿಸಿಬಿಡುತ್ತೀಯ. ಮನಸ್ಸಿನಲ್ಲಿರುವುದನ್ನು ಹೇಳಲು ಹೊರಟರೆ ನನಗೆ ಈಗಲೂ ಮಾತು ಉಗ್ಗುತ್ತದೆ, ಅದೂ ನಿನಗೆ ಗೊತ್ತಿರುವುದೇ. ಕಾಗದದ ಮೇಲೆ ಉಗ್ಗು ಇಲ್ಲ. ಹಾಗಾಗಿ ಇವಳು ಬಟ್ಟೆ ಅಳತೆ ಬರೆಯುವ ಪುಸ್ತಕದಿಂದ ನಾಲ್ಕು ಹಾಳೆ ಹರಿದುಕೊಂಡು ಕೂತಿದ್ದೇನೆ. ಹಾಳೆಯ ಅಂಚಿನಲ್ಲಿ ಯಾರದೋ ತೋಳಿನ ಸುತ್ತಳತೆ ಇದ್ದರೆ ನಿನಗಲ್ಲ ಎಂದುಕೊಂಡು ಮುಂದೆ ಓದು.

ನೀನು ಇಲ್ಲಿಂದ ಹೊರಟು ಐದು ತಿಂಗಳಾಯಿತು. ಹೊರಡುವ ಹಿಂದಿನ ಸಂಜೆ ನಡೆದದ್ದನ್ನು ನಾನು ದಿನಕ್ಕೊಮ್ಮೆಯಾದರೂ ನೆನೆಸಿಕೊಳ್ಳುತ್ತೇನೆ. ಎರಡನೇ ಮಹಡಿಗೆ ಕಟ್ಟಿದ್ದ ಸಾರುವೆಯ ಹಲಗೆಯಿಂದ ಬಿದ್ದು, ಸೊಂಟದ ಕೀಲಿನ ಬಳಿ ತೊಡೆಯ ಮೂಳೆಗೆ ಸರಳು ಹಾಕಿಸಿಕೊಂಡು, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ಮನುಷ್ಯನಂತೆ ಇರಲಿಲ್ಲ ಅಕ್ಕಾ. ಡಾಕ್ಟರು "ಕಾಲು ಊರಬಹುದು, ಊರಲೇಬೇಕು" ಎಂದು ಬರೆದು ಕೊಟ್ಟಿದ್ದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಇಪ್ಪತ್ತೆರಡು ವರ್ಷ ಗೋಡೆ ಕಟ್ಟಿದವನಿಗೆ ಗೋಡೆಯೇ ಗತಿ ಆಯಿತು. ಗಿಲಾವಿನಲ್ಲಿ ಎಲ್ಲೆಲ್ಲಿ ಬಿರುಕಿದೆ, ಎಲ್ಲಿ ಯಾವ ಸೋಮಾರಿ ಕರಣೆಯನ್ನು ಅರ್ಧಕ್ಕೇ ಎತ್ತಿದ್ದಾನೆ ಎಂಬುದೆಲ್ಲ ಬಾಯಿಪಾಠವಾಗಿತ್ತು. ನೀನು ರಜೆ ಹಾಕಿ ಬಂದು ನನ್ನನ್ನು ಎತ್ತಿದೆ, ತಿರುಗಿಸಿದೆ, ಒರೆಸಿದೆ, ಬೈದೆ. ನಿನ್ನ ಹೆಗಲು ಹಿಡಿದು ಬಚ್ಚಲಿಗೆ ಹೋಗಿ ಬರುವುದು ಬಿಟ್ಟರೆ ನಾನು ಒಂದು ಹೆಜ್ಜೆಯನ್ನೂ ಇಡಲಿಲ್ಲ. ನೋವಿತ್ತು, ನಿಜ. ಆದರೆ ನೋವಿಗಿಂತ ಹೆದರಿಕೆ ದೊಡ್ಡದಿತ್ತು. ನಿಂತ ಕೂಡಲೇ ಕಾಲ ಕೆಳಗಿನ ಹಲಗೆ ಜಾರಿದ ಹಾಗೆ ಆಗುತ್ತಿತ್ತು. ಇದನ್ನು ನಾನು ಆಗ ಯಾರಿಗೂ ಹೇಳಿರಲಿಲ್ಲ. ಗಂಡಸು, ಅದರಲ್ಲೂ ಮೇಸ್ತ್ರಿ, ನೆಲದ ಮೇಲೆ ನಿಲ್ಲಲು ಹೆದರುತ್ತಾನೆ ಎಂದರೆ ಹೇಗೆ ಹೇಳಿಕೊಳ್ಳುವುದು?

ಆ ಸಂಜೆ ನೀನು ಹಣ್ಣಿನ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ನನ್ನ ಹಾಸಿಗೆಯ ಮೇಲೇ ಇಟ್ಟೆ. ತೂತುಗಳ ಒಳಗಿನಿಂದ ಏನೋ ಪರಪರ ಎನ್ನುತ್ತಿತ್ತು. ಮುಚ್ಚಳ ಸ್ವಲ್ಪ ಸರಿಸಿದರೆ ಆರು ಹಕ್ಕಿಗಳು, ಮುಷ್ಟಿಯಷ್ಟು ಗಾತ್ರ, ಬಾಲವೇ ಇಲ್ಲದಂಥ ಹಿಂಭಾಗ, ಒಣ ಎಲೆಯ ಬಣ್ಣ. ನಿನ್ನ ಆಸ್ಪತ್ರೆಯ ಕಾಂಪೌಂಡರು ಮೊಟ್ಟೆಗೆಂದು ಸಾಕುವ ಗೌಜಲಹಕ್ಕಿಗಳು, ವಯಸ್ಸಾಯಿತು ಎಂದು ಬೇರೆ ಮಾಡಿದ್ದಂತೆ, ಔಷಧಿ ಒಯ್ಯಲು ಇಲ್ಲಿಗೆ ಬಂದಿದ್ದ ಆಸ್ಪತ್ರೆಯ ವ್ಯಾನಿನಲ್ಲಿ ಕಳಿಸಿದ್ದಂತೆ. ಇವನ್ನು ನನಗೇಕೆ ತಂದೆ ಎಂದು ನಾನು ರೇಗಿದೆ. ನೀನು ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಇವಕ್ಕೆ ಮನೆ ಇಲ್ಲ ಕಣೋ. ನೀನು ಮೇಸ್ತ್ರಿ ತಾನೆ?" ಎಂದೆ. ಅಷ್ಟೇ. ಮಾರನೇ ದಿನ ಬೆಳಿಗ್ಗೆ ವ್ಯಾನು ಹತ್ತಿ ಹೋಗಿಬಿಟ್ಟೆ. ನಾನು ಮುಖ ಊದಿಸಿಕೊಂಡು ಮಲಗಿದ್ದೆ, ಹೋಗಿ ಬಾ ಎಂದು ಕೂಡ ಹೇಳಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆ.

ಮೊದಲ ಮೂರು ದಿನ ಹಕ್ಕಿಗಳು ಇವಳ ಪಾಲಿಗೆ ಬಂದವು. ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಿಟ್ಟು, ಮೇಲೆ ಇಸ್ತ್ರಿ ಮಾಡುವ ಹಲಗೆ ಮುಚ್ಚಿಟ್ಟಿದ್ದಳು. ಮೂರನೇ ದಿನ ಬೆಳಿಗ್ಗೆ ಕುಕ್ಕರು ಸೀಟಿ ಹೊಡೆಯಿತು. ಕೂಡಲೇ ಬುಟ್ಟಿಯ ಒಳಗೆ ಟಪ್ ಟಪ್ ಎಂದು ಸದ್ದು. ಒಂದು ಹಕ್ಕಿ ನೆಟ್ಟಗೆ ಮೇಲಕ್ಕೆ ಚಿಮ್ಮಿ ಹಲಗೆಗೆ ತಲೆ ಹೊಡೆದುಕೊಂಡಿತ್ತು. ನೆತ್ತಿಯ ಪುಕ್ಕ ಕಿತ್ತು ಚರ್ಮ ಕೆಂಪಾಗಿತ್ತು. ಇವಳು ಅದನ್ನು ಅಂಗೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಳು. "ಅತ್ತಿಗೆ ನಂಬಿ ಬಿಟ್ಟು ಹೋಗಿದ್ದು ರೀ. ನಂಗೆ ಬಟ್ಟೆ ಹೊಲಿಯೋದು ಗೊತ್ತು, ಹಕ್ಕಿ ತಲೆ ಹೊಲಿಯೋದು ಗೊತ್ತಿಲ್ಲ" ಎನ್ನುವಾಗ ಅವಳ ಕಣ್ಣು ತುಂಬಿತ್ತು. ಏನೂ ತೋಚದೆ ಹಕ್ಕಿಯನ್ನು ನನ್ನ ಎದೆಯ ಮೇಲೆ ಇಟ್ಟು ಅರಿಸಿನ ತರಲು ಓಡಿದಳು. ಅಷ್ಟು ಚಿಕ್ಕ ಮೈಯಲ್ಲಿ ಗುಂಡಿಗೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಗೊತ್ತೇ? ನನ್ನ ಎದೆಗೂ ಅದರ ಎದೆಗೂ ನಡುವೆ ಒಂದು ಬನಿಯನ್ ಮಾತ್ರ. ಹೆದರಿಕೆ ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇವಳು ಬಂದ ಕೂಡಲೇ ಪೆನ್ಸಿಲು, ಕಾಗದ, ಅಳತೆಯ ಟೇಪು ಕೊಡು ಎಂದೆ. ಬಿದ್ದ ಮೇಲೆ ನಾನಾಗಿಯೇ ಕೇಳಿದ ಮೊದಲ ವಸ್ತು ಅದೇ ಎಂದು ಇವಳು ಈಗಲೂ ಹೇಳುತ್ತಾಳೆ.

ಕಾಂಪೌಂಡರಿಗೆ ಫೋನ್ ಮಾಡಿದೆ. ಎಂಥ ಒಳ್ಳೆಯ ಮನುಷ್ಯ ಅಕ್ಕಾ! ನಾನು ಉಗ್ಗುತ್ತಿದ್ದರೂ ಮಾತು ತುಂಡರಿಸದೆ ಕೇಳಿಸಿಕೊಂಡರು. ಆಮೇಲೆ ಅವರು ಹೇಳಿದ್ದು ಕೇಳಿ ನನ್ನ ತಲೆ ತಿರುಗಿತು. ಈ ಹಕ್ಕಿಗೆ ಕೂರಲು ಕೊಂಬೆ ಬೇಡ, ಹತ್ತಲು ಮೆಟ್ಟಿಲು ಬೇಡ. ಅದು ನೆಲದ ಹಕ್ಕಿ. ಬೆದರಿದರೆ ಪಕ್ಕಕ್ಕೆ ಓಡುವುದಿಲ್ಲ, ನೇರ ಮೇಲಕ್ಕೆ ಹಾರುತ್ತದೆ. ಆದ್ದರಿಂದ ಸೂರು ಒಂದು ಅಡಿಗಿಂತ ಎತ್ತರ ಇರಬಾರದು, ವೇಗ ಹಿಡಿಯುವಷ್ಟು ಜಾಗ ಸಿಗಬಾರದು. ಕೆಳಗೆ ತಂತಿಯ ಬಲೆ ಹಾಕಿದರೆ ಪಾದ ಹುಣ್ಣಾಗುತ್ತದೆ, ಗಟ್ಟಿ ನೆಲ ಬೇಕು, ಮೇಲೆ ಮರದ ಹೊಟ್ಟು ಹರಡಬೇಕು. ಹೆಗ್ಗಣ ಬರದಂತೆ ಬಲೆಯ ಕಣ್ಣು ಅರ್ಧ ಅಂಗುಲ ಮೀರಬಾರದು. ತಣ್ಣನೆಯ ಗಾಳಿ ನೇರವಾಗಿ ಬೀಸಬಾರದು, ಬೆಳಕು ಮಾತ್ರ ಧಾರಾಳವಾಗಿ ಬೇಕು. ಮೂಲೆಯಲ್ಲಿ ಒಂದು ತಟ್ಟೆ ಒಣ ಮರಳು ಇಡಬೇಕು, ಅದರ ಸ್ನಾನ ಅದರಲ್ಲೇ. ಒಂದು ಹಕ್ಕಿಗೆ ಒಂದು ಚದರಡಿ ನೆಲವಾದರೂ ಇರಲಿ ಎಂದರು. ನಾನು ಇಷ್ಟು ವರ್ಷ ಜನರಿಗೆ ಎತ್ತರದ ಸೂರು, ಅಗಲದ ಮೆಟ್ಟಿಲು ಎಂದು ಕಟ್ಟಿಕೊಟ್ಟವನು. ಈಗ ಎಲ್ಲವನ್ನೂ ತಲೆಕೆಳಗು ಮಾಡಿ ಕಟ್ಟಬೇಕಿತ್ತು.

ಕಟ್ಟಿದ್ದು ನಾನು ಎಂದು ಹೇಳಿಕೊಳ್ಳುವ ಹಾಗಿಲ್ಲ. ನಾನು ಮಲಗಿಕೊಂಡು ಬಾಯಿ ಆಡಿಸಿದೆ, ಇವಳು ಕೈ ಆಡಿಸಿದಳು. ಹಳೆಯ ಬೀರುವಿನ ಎರಡು ಬಾಗಿಲು, ಮಹಡಿಯ ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಕೊಟ್ಟ ಒಂದು ಕಿಟಕಿ ಚೌಕಟ್ಟು, ಹಾರ್ಡ್‌ವೇರ್ ಅಂಗಡಿಯ ಸಣ್ಣ ಕಣ್ಣಿನ ಬಲೆ. ದಿನವೆಲ್ಲ ಹೊಲಿಗೆ ಅಂಗಡಿಯಲ್ಲಿ ದುಡಿದು ಬಂದವಳು ಸಂಜೆ ಆರಕ್ಕೆ ಗರಗಸ ಹಿಡಿಯುತ್ತಿದ್ದಳು. ನಾನು "ಅಡ್ಡ ಅಲ್ಲ, ಉದ್ದಕ್ಕೆ, ಉದ್ದಕ್ಕೆ!" ಎಂದು ಕೂಗುವುದು, ಅವಳು "ಹಾಗಾದ್ರೆ ನೀವೇ ಬಂದು ಕೊಯ್ಯಿರಿ" ಎನ್ನುವುದು. ಮೇಲಿನ ಪೋಸ್ಟ್‌ಮ್ಯಾನ್ ಮಾಮ ಎರಡು ಸಲ ಇಳಿದು ಬಂದು ಜಗಳವೇನಾದರೂ ಆಯಿತೇ ಎಂದು ವಿಚಾರಿಸಿದರು. ಹದಿನೇಳು ವರ್ಷ ಸಂಸಾರ ಮಾಡಿದ್ದೇನೆ, ಇವಳ ಕೈಯಲ್ಲಿ ಸುತ್ತಿಗೆ ಹೀಗೆ ನಿಲ್ಲುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೇಳಿಯೂ ಇರಲಿಲ್ಲ.

ಆದರೂ ನನ್ನ ಜಂಬ ಬಿಡಬೇಕಲ್ಲ. ಮನೆ ಎಂದ ಮೇಲೆ ಸ್ವಲ್ಪ ಎತ್ತರ ಇರಲಿ, ಕಾಂಪೌಂಡರಿಗೆ ಕಟ್ಟಡದ ವಿಷಯ ಏನು ಗೊತ್ತು ಎಂದುಕೊಂಡು ಎರಡು ಅಡಿ ಎತ್ತರ ಮಾಡಿಸಿದೆ. ನೋಡಲು ಲಕ್ಷಣವಾಗಿತ್ತು. ಹಕ್ಕಿಗಳನ್ನು ಬಿಟ್ಟ ಮರುದಿನವೇ ಗಾಳಿಗೆ ಬಾಗಿಲು ಬಡಿಯಿತು. ಅದೇ ಬೋಳು ನೆತ್ತಿಯ ಹಕ್ಕಿ ಮತ್ತೆ ಚಿಮ್ಮಿ ಮತ್ತೆ ತಲೆ ಒಡೆದುಕೊಂಡಿತು. ಇಡೀ ಪೆಟ್ಟಿಗೆ ಬಿಚ್ಚಿ ಮತ್ತೆ ಕೊಯ್ಯಬೇಕೆಂದು ಲೆಕ್ಕ ಹಾಕುತ್ತಾ ಮಲಗಿದ್ದೆ. ಇವಳು ಒಳಗೆ ಬಗ್ಗಿ ನೋಡಿ, "ಒಡೆಯೋದ್ಯಾಕೆ? ಒಳಗೆ ಬಟ್ಟೆಯ ಸೂರು ಕಟ್ಟಿದ್ರಾಯ್ತು" ಎಂದಳು. ಅಂಗಡಿಯಲ್ಲಿ ಉಳಿದ ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ, ನಡುವೆ ಹತ್ತಿ ತುಂಬಿ ಹೊಲಿದು, ಒಂದು ಅಡಿ ಎತ್ತರಕ್ಕೆ ನಾಲ್ಕೂ ಮೂಲೆಯಲ್ಲಿ ಬಿಗಿದಳು. ಈಗ ಚಿಮ್ಮಿದರೂ ಹಾಸಿಗೆಗೆ ತಲೆ ಇಟ್ಟ ಹಾಗೆ. ಒಂದು ಗಂಟೆಯ ಕೆಲಸ. ಮೇಲೆ ಉಳಿದ ಒಂದು ಅಡಿಯಲ್ಲಿ ಬಟ್ಟೆಗೆ ತಾಗದಂತೆ ಹಲಗೆ ಅಡ್ಡವಿಟ್ಟರೆ ಕಾಳಿನ ಡಬ್ಬಿ, ಮರದ ಹೊಟ್ಟಿನ ಚೀಲ ಇಡಲು ಅಟ್ಟವೂ ಆಯಿತು. ಮೇಸ್ತ್ರಿ ಯಾರು ಎಂದು ನೀನೇ ತೀರ್ಮಾನಿಸು.

ಹಕ್ಕಿಗಳಿಗೆ ಹೆಸರೂ ಬಂದವು. ನೆತ್ತಿ ಒಡೆದುಕೊಂಡವಳಿಗೆ ಇವಳು ಸಣ್ಣ ಬಟ್ಟೆಯ ತುಂಡನ್ನು ಔಷಧಿ ಹಚ್ಚಿ ಅಂಟಿಸುತ್ತಿದ್ದರಿಂದ ಅವಳು ಟೋಪಿ. ಬೂದು ಬಣ್ಣದವಳು ಸಿಮೆಂಟು. ಎದೆ ಕಂದಾಗಿರುವ ಒಬ್ಬನೇ ಗಂಡು ಕಾಂಟ್ರಾಕ್ಟರು, ಏಕೆಂದರೆ ಏನೂ ಕೆಲಸ ಮಾಡದೆ ಎದೆಯುಬ್ಬಿಸಿ ಕೂಗುವುದು ಅವನೊಬ್ಬನೇ. ಉಳಿದ ಮೂವರು ಒಂದೇ ರೀತಿ ಇದ್ದುದರಿಂದ ದೊಡ್ಡವ್ವ, ನಡುವವ್ವ, ಚಿಕ್ಕವ್ವ. ಎರಡು ವಾರ ಮೊಟ್ಟೆಯ ಸುಳಿವಿರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಚಿಕ್ಕವ್ವ ಹೊಟ್ಟಿನ ಮೇಲೆ ಶಾಯಿ ಚೆಲ್ಲಿದಂಥ ಒಂದು ಮೊಟ್ಟೆ ಬಿಟ್ಟು ಏನೂ ಆಗದವಳ ಹಾಗೆ ನಡೆದುಹೋದಳು. ನಿನಗೆ ಗೊತ್ತೇ, ಪ್ರತಿ ಹೆಣ್ಣಿನ ಮೊಟ್ಟೆಯ ಮೇಲಿನ ಚುಕ್ಕೆ ಬೇರೆ, ಆದರೆ ಒಬ್ಬಳ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆ. ದೊಡ್ಡವ್ವನದು ಸಣ್ಣ ಸಣ್ಣ ಚುಕ್ಕೆ, ಸಿಮೆಂಟಿನದು ದೊಡ್ಡ ಕಪ್ಪು ಕಲೆ, ಟೋಪಿಯದು ಹೆಚ್ಚುಕಡಿಮೆ ಬಿಳಿ. ಮೊಟ್ಟೆ ನೋಡಿ ಯಾರದೆಂದು ಹೇಳುವಷ್ಟು ಪಂಡಿತನಾದೆ. ಗೋಡೆಯ ಕಡೆ ತಿರುಗಿದ್ದವನು ಯಾವಾಗ ಈ ಕಡೆ ತಿರುಗಿ ಮಲಗಿದೆನೋ ನನಗೇ ತಿಳಿಯಲಿಲ್ಲ. ಅವು ಮರಳಿನಲ್ಲಿ ಹೊರಳಿ, ರೆಕ್ಕೆ ಕೊಡವಿ, ಒಂದರ ಮೇಲೊಂದು ಧೂಳು ಎರಚಿ ಕಣ್ಣು ಮುಚ್ಚಿ ಬಿದ್ದಿರುವುದನ್ನು ನೋಡುತ್ತಿದ್ದರೆ ಹೊತ್ತು ಹೋಗುವುದೇ ಗೊತ್ತಾಗುತ್ತಿರಲಿಲ್ಲ.

ಈಗ ಫೋನಿನಲ್ಲಿ ಹೇಳದೆ ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ಬೈದರೂ ಪರವಾಗಿಲ್ಲ. ನೀನು ಕೊಟ್ಟ ಆರರಲ್ಲಿ ಈಗ ಇರುವುದು ಐದು.

ಮೊದಲು ಗೂಡು ನನ್ನ ಮಂಚಕ್ಕೆ ತಾಗಿಕೊಂಡೇ ಇತ್ತು. ಮಲಗಿದಲ್ಲಿಂದಲೇ ಕೈ ಚಾಚಿ ನೀರಿಡುತ್ತಿದ್ದೆ. ಆಮೇಲೆ ಅದು ಒಂದು ಟೈಲ್ಸಿನಷ್ಟು ದೂರ ಹೋಯಿತು. ಮುಂದಿನ ವಾರ ಇನ್ನೊಂದು. ಯಾಕೆ ಎಂದರೆ "ಬಿಸಿಲು ಸರಿಯುತ್ತೆ ರೀ" ಎನ್ನುತ್ತಿದ್ದಳು. ಮಂಚದ ಅಂಚಿಗೆ ಕೂರುವುದು ಕಲಿತೆ, ಕಾಲು ಕೆಳಗೆ ಬಿಟ್ಟು ಬಾಗುವುದು ಕಲಿತೆ, ಎದ್ದು ನಿಂತು ಒಂದೊಂದು ಹೆಜ್ಜೆ ಇಡುವುದೂ ಕಲಿತೆ. ಗೂಡು ವರಾಂಡದ ಬಾಗಿಲಿನ ಕಡೆ ಐದನೇ ಟೈಲ್ಸಿಗೆ ಹೋದಾಗ ಮಾತ್ರ ನನ್ನ ಸೋಮಾರಿತನವೋ ಹೆದರಿಕೆಯೋ ಉಪಾಯ ಹುಡುಕಿತು. ನೆಲ ಒರೆಸುವ ಕೋಲಿನ ತುದಿಗೆ ತಂತಿ ಕಟ್ಟಿ, ಕೂತಲ್ಲಿಂದಲೇ ಗೂಡಿನ ಚಿಲಕ ತೆಗೆಯುವುದು, ನೀರಿನ ಬಟ್ಟಲು ತಳ್ಳುವುದು, ಮತ್ತೆ ಚಿಲಕ ಹಾಕುವುದು. ಆ ಬುಧವಾರ ಮಧ್ಯಾಹ್ನ ಚಿಲಕ ಸರಿಯಾಗಿ ಕೂರಲಿಲ್ಲ. ಕೂತಿತೆಂದು ನಾನು ಅಂದುಕೊಂಡೆ. ಇವಳು ಅಂಗಡಿಯಲ್ಲಿದ್ದಳು. ನನಗೆ ಸಣ್ಣ ಜೋಂಪು ಹತ್ತಿತ್ತು.

ಎಚ್ಚರವಾದದ್ದು ಕಾಂಟ್ರಾಕ್ಟರನ ಕೂಗಿಗೆ. ಕೂಗು ವರಾಂಡದಿಂದ ಬರುತ್ತಿತ್ತು. ನೋಡಿದರೆ ಗೂಡಿನ ಬಾಗಿಲು ಹಾರು ಹೊಡೆದಿದೆ, ಒಳಗೆ ನಡುವವ್ವ ಒಬ್ಬಳೇ ಕಾಳು ಹೆಕ್ಕುತ್ತಿದ್ದಾಳೆ. ಪಾರಿವಾಳವಾದರೆ ಮನೆ ಗುರುತು ಹಿಡಿದು ಮರಳಿ ಬರುತ್ತದೆ, ಇವಕ್ಕೆ ಅದು ಗೊತ್ತಿಲ್ಲ. ಹೊರಗೆ ಹೋದರೆ ಹೋದ ಹಾಗೆ. ಅಷ್ಟರಲ್ಲಿ ವರಾಂಡದ ಗೋಡೆಯ ಮೇಲೆ ಒಂದು ಹಳದಿ ಬೆಕ್ಕು ಬೆನ್ನು ಕುಗ್ಗಿಸಿ ಕೂತದ್ದು ಕಾಣಿಸಿತು. ಹಿಡಿದು ನಡೆಯಲು ಆಸ್ಪತ್ರೆಯಲ್ಲಿ ಕೊಟ್ಟಿದ್ದ ವಾಕರ್ ಕೋಣೆಯ ಆ ಮೂಲೆಯಲ್ಲಿತ್ತು. ನಾನು ಕೂಗಿದೆ ಅಕ್ಕಾ, ಆದರೆ ಏನೆಂದು ಕೂಗಿದೆ ಗೊತ್ತಿಲ್ಲ, ಬಾಯಿಂದ ಬರೀ ಮೊದಲ ಅಕ್ಷರವೇ ಮತ್ತೆ ಮತ್ತೆ ಬಂತು. ಬೆಕ್ಕು ಧುಮುಕಿತು. ಆಮೇಲೆ ಹೇಗೆ ಎದ್ದೆನೋ ತಿಳಿಯದು. ಗೋಡೆ ಹಿಡಿದು ಹೊರಟೆ. ಮಂಚದಿಂದ ವರಾಂಡದ ತುದಿಗೆ ಹದಿನೆಂಟು ಟೈಲ್ಸು. ಹನ್ನೆರಡನೆಯದರ ತನಕ ಕಾಲಿನ ಮೇಲೆ ಹೋದೆ, ಹೊಸ್ತಿಲ ಬಳಿ ಮಂಡಿಯ ಮೇಲೆ ಬಿದ್ದೆ, ಉಳಿದದ್ದನ್ನು ಅಂಬೆಗಾಲಿನಲ್ಲಿ ಹೋದೆ. ಕೈಗೆ ಸಿಕ್ಕ ಚಪ್ಪಲಿ ಬೀಸಿ ಒಗೆದೆ. ಬೆಕ್ಕು ಬಾಯಲ್ಲಿದ್ದುದನ್ನು ಬಿಟ್ಟು ಓಡಿತು.

ಬಿಟ್ಟು ಹೋದದ್ದು ಸಿಮೆಂಟನ್ನು. ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಇನ್ನೂ ಬಿಸಿಯಿತ್ತು, ಕಣ್ಣು ತೆರೆದೇ ಇತ್ತು. ಸ್ವಲ್ಪ ಹೊತ್ತಿಗೆ ತಲೆ ನನ್ನ ಹೆಬ್ಬೆರಳ ಮೇಲೆ ಒರಗಿತು. ಅಲ್ಲೇ ಕೂತು ಅತ್ತೆ. ಬಿದ್ದಾಗ ಅತ್ತಿರಲಿಲ್ಲ, ಸರಳು ಹಾಕಿದಾಗ ಅತ್ತಿರಲಿಲ್ಲ, ನೀನು ಹೋದ ದಿನವೂ ಅತ್ತಿರಲಿಲ್ಲ. ಎಲ್ಲದರ ಪಾಲಿನ ಅಳುವೂ ಒಟ್ಟಿಗೆ ಬಂತು. ನಾನು ಎದ್ದು ಐದು ಹೆಜ್ಜೆ ನಡೆದು ಕೈಯಾರೆ ಚಿಲಕ ಹಾಕಿದ್ದರೆ ಅವಳು ಬದುಕಿರುತ್ತಿದ್ದಳು. ಇದನ್ನು ಯಾರ ತಲೆಗೂ ಕಟ್ಟುವ ಹಾಗಿರಲಿಲ್ಲ.

ಆದರೆ ಉಳಿದವರನ್ನು ಹುಡುಕಬೇಕಿತ್ತು. ಕಾಂಟ್ರಾಕ್ಟರು ಹೂಕುಂಡದ ಹಿಂದೆ ನಿಂತು ಇನ್ನೂ ಕೂಗುತ್ತಿದ್ದ, ದೊಡ್ಡವ್ವ ಚಿಕ್ಕವ್ವ ಇಬ್ಬರೂ ಅವನ ಹಿಂದೆ ಮುದುಡಿ ಕೂತಿದ್ದರು. ಒಬ್ಬೊಬ್ಬರನ್ನೇ ಹಿಡಿದು ಅಂಗಿಯ ಒಳಗೆ ಹಾಕಿಕೊಂಡು, ಗೋಡೆ ಹಿಡಿದು ಎದ್ದು, ಗೂಡಿಗೆ ಬಿಟ್ಟು, ಮತ್ತೆ ಹೊರಗೆ ಬಂದೆ. ಹೀಗೆ ಮೂರು ಸಲ ಹೋಗಿ ಬಂದೆ. ಟೋಪಿ ಮಾತ್ರ ಸಿಗಲಿಲ್ಲ. ವರಾಂಡದ ಮೂಲೆಯಲ್ಲಿ ನನ್ನ ಕೆಲಸದ ಸಾಮಾನು ಬಿದ್ದಿತ್ತು, ನಾನು ಬಿದ್ದ ದಿನ ಕೆಲಸದವರು ತಂದು ಇಟ್ಟುಹೋದದ್ದು. ಕರಣೆ, ರಸಮಟ್ಟ, ಗೋಡೆಗೆ ಒರಗಿಸಿದ ಕಬ್ಬಿಣದ ಬಾಂಡ್ಲಿ. ಬಾಂಡ್ಲಿಯ ಹಿಂದಿನ ಕತ್ತಲಲ್ಲಿ ಒಂದು ಬಟ್ಟೆಯ ಚೂರು ಅಲ್ಲಾಡಿತು. ಕೈ ಹಾಕಿದರೆ ಟೋಪಿ, ಬೆಚ್ಚಗೆ, ಉಸಿರು ಬಿಗಿಹಿಡಿದುಕೊಂಡು.

ಇವಳು ಆರು ಗಂಟೆಗೆ ಬಂದಾಗ ನಾನು ಗೂಡಿನ ಪಕ್ಕ ನೆಲದ ಮೇಲೆ ಕೂತಿದ್ದೆ. ಎರಡೂ ಮಂಡಿ ಕೆತ್ತಿಹೋಗಿತ್ತು, ಮಡಿಲಲ್ಲಿ ಸಿಮೆಂಟು. ಅವಳು ಚೀಲ ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತಳು. ನಡೆದದ್ದನ್ನು ಕೇಳಿದಳು. ವರಾಂಡದ ತುದಿಯ ಕಡೆ ನೋಡಿ, "ನೀವು ಅಲ್ಲಿ ತನಕ ಒಬ್ರೇ ಹೋದ್ರಾ?" ಎಂದಳು. ಹೌದು ಎಂದೆ. ಆಗ ಅವಳು ಅತ್ತು, ನಕ್ಕು, ನಿಮ್ಮಿಬ್ಬರ ಒಳಸಂಚು ಬಯಲು ಮಾಡಿದಳು. ವಾರಕ್ಕೊಂದು ಟೈಲ್ಸು ಗೂಡನ್ನು ದೂರ ಸರಿಸಬೇಕೆಂದು ಹೇಳಿಕೊಟ್ಟವಳು ನೀನಂತೆ. ನೀರಿನ ಬಟ್ಟಲನ್ನು ಬೇಕೆಂದೇ ಅರ್ಧ ತುಂಬಿಸಿ ಕೆಲಸಕ್ಕೆ ಹೋಗಬೇಕೆಂದು ಹೇಳಿದವಳೂ ನೀನಂತೆ. "ನೀನಿಡಬೇಡ, ಅವನೇ ಇಡ್ಲಿ. ಬೈದ್ರೆ ಬೈಸ್ಕೋ" ಎಂದೆಯಂತೆ. ಬಿಸಿಲು ಸರಿಯುತ್ತದಂತೆ ಬಿಸಿಲು! ಟೈಲ್ಸ್ ಎಣಿಸಿ ಹೊಟ್ಟೆ ಹೊರೆಯುವವನನ್ನೇ ಟೈಲ್ಸಿನಲ್ಲಿ ಬೇಸ್ತು ಬೀಳಿಸಿದಿರಲ್ಲ.

ಕೋಪ ಬರಬೇಕಿತ್ತು. ಬರಲಿಲ್ಲ. ನಾನು ಒಂಬತ್ತು ವರ್ಷದವನಿದ್ದಾಗ ನೀನು ಮಾಡಿದ್ದು ನೆನಪಾಯಿತು. ಉಗ್ಗಿಗೆ ಹೆದರಿ ನಾನು ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಮನೆಯವರೆಲ್ಲ ಪಾಪ ಎಂದು ನನ್ನ ಪರವಾಗಿ ತಾವೇ ಮಾತಾಡುತ್ತಿದ್ದರು. ನೀನೊಬ್ಬಳೇ ಚೀಟಿ ಬರೆದುಕೊಡದೆ, ನಾಲ್ಕು ಸಾಮಾನಿನ ಹೆಸರು ಬಾಯಲ್ಲಿ ಹೇಳಿ ಅಂಗಡಿಗೆ ಅಟ್ಟುತ್ತಿದ್ದವಳು. ನಾನು "ಸ... ಸ... ಸಕ್ಕರೆ" ಎನ್ನುವಾಗ ಹಿಂದೆ ಸಾಲಿನಲ್ಲಿ ಯಾರಾದರೂ ನಕ್ಕರೆ, ಬೀದಿಯ ತಿರುವಿನಿಂದ ನೀನು ಕಣ್ಣು ಕೆಂಪು ಮಾಡಿಕೊಂಡು ಬರುವುದು ಕಾಣುತ್ತಿತ್ತು. ಆದರೆ ನನ್ನ ಬದಲು ಒಂದು ಸಲವೂ ನೀನು ಸಕ್ಕರೆ ಎನ್ನಲಿಲ್ಲ. ಆಗ ನಿನ್ನನ್ನು ಕಟುಕಿ ಎಂದುಕೊಂಡಿದ್ದೆ. ಈಗ ಐವತ್ತರ ಹತ್ತಿರ ಬಂದು, ಸೊಂಟದಲ್ಲಿ ಕಬ್ಬಿಣ ಇಟ್ಟುಕೊಂಡು, ಕೈ ಮುಗಿಯುತ್ತಿದ್ದೇನೆ. ನನ್ನ ಜೀವನದಲ್ಲಿ ನನ್ನನ್ನು ಪಾಪ ಎನ್ನದೆ ಪ್ರೀತಿಸಿದವಳು ನೀನು.

ಸಿಮೆಂಟನ್ನು ಹಿತ್ತಲಲ್ಲಿ ಮಣ್ಣು ಮಾಡಿದೆವು. ಗುಂಡಿ ನಾನೇ ತೋಡಿದೆ, ನನ್ನದೇ ಕರಣೆಯಿಂದ, ನಿಂತುಕೊಂಡು ಅಲ್ಲ, ಆದರೆ ಅಲ್ಲಿ ತನಕ ನಡೆದುಕೊಂಡು ಹೋಗಿ. ಮಾರನೇ ದಿನ ಗೂಡಿಗೆ ಎರಡನೇ ಚಿಲಕ ಹಾಕಿದೆ, ಕೈಯಿಂದ ಮಾತ್ರ ತೆಗೆಯಲು ಆಗುವಂಥದ್ದು. ಕೋಲನ್ನು ಅದರ ಕೆಲಸಕ್ಕೆ, ನೆಲ ಒರೆಸಲು, ವಾಪಸು ಕಳಿಸಿದೆ. ಇದೆಲ್ಲ ಆಗಿ ಎರಡು ತಿಂಗಳಾಯಿತು. ಈಗ ದಿನಾ ಬೆಳಿಗ್ಗೆ ಹೊಟ್ಟು ಬದಲಿಸುತ್ತೇನೆ, ನೀರಿನ ಬಟ್ಟಲು ತೊಳೆದು ಇಡುತ್ತೇನೆ, ಮೊಟ್ಟೆಯ ಚಿಪ್ಪು ಒಣಗಿಸಿ ಪುಡಿ ಮಾಡಿ ಕಾಳಿಗೆ ಬೆರೆಸುತ್ತೇನೆ. ಹೆಚ್ಚಾದ ಮೊಟ್ಟೆ ಮೇಲಿನ ಪೋಸ್ಟ್‌ಮ್ಯಾನ್ ಮಾಮನಿಗೆ. ಅವರು ನಮ್ಮ ಗೂಡು ನೋಡಿ ತಮಗೂ ಒಂದು ಬೇಕೆಂದರು. ಅವರದನ್ನು ನೋಡಿ ಎದುರುಮನೆಯ ಟೀಚರಮ್ಮ. ವರಾಂಡದಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು ನಾನು ಕೊಯ್ದು ಜೋಡಿಸುತ್ತೇನೆ, ಇವಳು ಸೂರು ಹೊಲಿಯುತ್ತಾಳೆ. ಸಾರುವೆ ಮತ್ತೆ ಹತ್ತುತ್ತೇನೋ ಇಲ್ಲವೋ ಗೊತ್ತಿಲ್ಲ ಅಕ್ಕಾ. ಹೆದರಿಕೆ ಇದೆ ಎಂದು ಇವಳಿಗೆ ಹೇಳಿದ್ದೇನೆ, ಈಗ ನಿನಗೂ ಹೇಳುತ್ತಿದ್ದೇನೆ. ಹೇಳಿಕೊಂಡ ಮೇಲೆ ಅದರ ತೂಕ ಎಷ್ಟೋ ಇಳಿದಿದೆ.

ಇಷ್ಟು ದಿನ ಥ್ಯಾಂಕ್ಸ್ ಎನ್ನುವ ಮಾತು ನಿನಗೆ ಹೇಳಿದ್ದೇ ಇಲ್ಲ. ಹೇಳಿದರೆ "ಏನೋ ದೊಡ್ಡ ಮನುಷ್ಯ ಆಗಿಬಿಟ್ಟೆ" ಎಂದು ನೀನು ನಗುತ್ತೀಯ. ನಗು. ಆದರೆ ಈ ನಾಲ್ಕು ಹಾಳೆಯಲ್ಲಿ ಇರುವುದೆಲ್ಲ ಅದೇ ಮಾತು.

ಇವಳು ನಿನಗೆ ನಮಸ್ಕಾರ ತಿಳಿಸಿದ್ದಾಳೆ. ಪೋಸ್ಟ್‌ಮ್ಯಾನ್ ಮಾಮನೂ ಕೇಳಿದೆನೆಂದು ಹೇಳು ಎಂದಿದ್ದಾರೆ, ಪತ್ರದ ಮೇಲೆ ವಿಳಾಸ ನೀಟಾಗಿ ಬರೆ ಎಂದೂ ಸೇರಿಸಿದ್ದಾರೆ. ನಿನ್ನ ಕೈ ಯಾವಾಗಲೂ ನನ್ನ ತಲೆಯ ಮೇಲಿರಲಿ.

ನಿನ್ನ ತಮ್ಮ,
ಮೇಸ್ತ್ರಿ

ತಾ.ಕ.: ಮರೆತು ಹೋಗಿತ್ತು ಎಂದು ಬರೆಯಲಾರೆ. ಮರೆತಿರಲಿಲ್ಲ, ಕೈ ಬರುತ್ತಿರಲಿಲ್ಲ. ಗುರುವಾರ ಟೋಪಿ ಸ್ವಲ್ಪ ಮಂಕಾಗಿದ್ದಳೆಂದು ಕಾಂಪೌಂಡರಿಗೆ ಫೋನ್ ಮಾಡಿದ್ದೆ. ಅವರು ಮಾತಿನ ನಡುವೆ, ನನಗೆ ಗೊತ್ತಿದೆ ಎಂದುಕೊಂಡು, ಸಿಸ್ಟರ್ ಆಪರೇಷನ್‌ಗೆ ನೀವು ಯಾವಾಗ ಬರ್ತೀರಿ ಎಂದು ಕೇಳಿಬಿಟ್ಟರು. ಅವರ ಮೇಲೆ ಸಿಟ್ಟಾಗಬೇಡ, ಅವರ ತಪ್ಪಿಲ್ಲ. ಎದೆಯ ಗಂಟು, ಇಪ್ಪತ್ತೆರಡನೇ ತಾರೀಕು ಮಂಗಳವಾರ. ಭಾವ ಹೋದ ಮೇಲೆ ನೀನು ಎಲ್ಲವನ್ನೂ ಒಬ್ಬಳೇ ಮಾಡಿಕೊಂಡೆ, ಇದನ್ನೂ ಹಾಗೆಯೇ ಮುಗಿಸಬೇಕೆಂದು ಹೊರಟಿದ್ದೀಯ. ಇವಳು ಅಂಗಡಿಯಲ್ಲಿ ರಜೆ ಹೇಳಿ ಆಯಿತು. ಹಕ್ಕಿಗಳು ಪೋಸ್ಟ್‌ಮ್ಯಾನ್ ಮಾಮನ ಹತ್ತಿರ ಇರುತ್ತವೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಎರಡು ಟಿಕೆಟ್ ಆಗಿದೆ, ಬಾಗಿಲ ಹತ್ತಿರದ ಸೀಟು. ಎಂಟು ಗಂಟೆ ಕೂರಲು ನನ್ನಿಂದ ಆಗುತ್ತದೆ, ಡಾಕ್ಟರನ್ನೂ ಕೇಳಿದ್ದೇನೆ. ಬೇಡ ಎನ್ನಬೇಡ. ಆಸ್ಪತ್ರೆಯ ಫಾರಂನಲ್ಲಿ ಹತ್ತಿರದ ಸಂಬಂಧಿಕರು ಎಂಬ ಜಾಗದಲ್ಲಿ ನೀನು ಒಂದು ಗೆರೆ ಎಳೆದು ಬಿಟ್ಟಿದ್ದೀಯಂತೆ. ಈ ಪತ್ರ ಸಿಕ್ಕ ದಿನವೇ ಹೋಗಿ ಅದರ ಮೇಲೆ ನನ್ನ ಹೆಸರು ಬರೆ. ಸಂಬಂಧ ಏನು ಎಂದು ಕೇಳಿರುವಲ್ಲಿ, ತಮ್ಮ ಎಂದು ಬರೆ.